ಯೆಮ್ ಅಜ್ಜಿಯ ಸೋರದ ಮಡಕೆ

“ಸೋರದೆ ಇರೋ ಮಡಕೇನ ಸುತ್ತಿಗೆ ತಗೊಂಡು ಒಡೀತಾರೆ ಅಂದ್ರೆ, ಈ ಲೋಕಕ್ಕೆ ಏನು ಬಡೀತು?”

ಯೆಮ್ ಅಜ್ಜಿ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕಾರ್ಖಾನೆಯ ಹಿತ್ತಲಲ್ಲಿ ಆರು ಮಡಕೆಗಳ ಚೂರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದ ತಾಳೆಮರ ಕೇಳಿಸಿಕೊಂಡಿತು, ಚೂರು ಕೆದಕುತ್ತಿದ್ದ ಕೋಳಿಯೂ ಕೇಳಿಸಿಕೊಂಡಿತು. ಕೋಳಿ ಇನ್ನೊಂದು ಚೂರಿಗೆ ಕೊಕ್ಕು ಹಾಕಿತು.

ಕುಂಬಾರಿಕೆಗೆ ಹೆಸರಾದ ಕಂಪೊಂಗ್ ಛ್ನಾಂಗಿನ ಗಾಡಿಯವರು ಎತ್ತು ಹೂಡಿ, ಮಡಕೆ ಹೇರಿಕೊಂಡು ಊರೂರು ಸುತ್ತಿ, ಮಡಕೆಗೆ ಬದಲು ಭತ್ತ ಅಳೆಸಿಕೊಳ್ಳುತ್ತಿದ್ದ ಕಾಲವೊಂದಿತ್ತು. “ಇದು ಯೆಮ್ ಮಡಕೆ! ತಳ ತೇವ ಆದ್ರೆ ಭತ್ತ ವಾಪಸ್!” ಎಂದು ಕೂಗುತ್ತಿದ್ದರು. ನಲವತ್ತು ವರ್ಷದಲ್ಲಿ ಒಬ್ಬರೂ ಭತ್ತ ವಾಪಸ್ ಕೇಳಲಿಲ್ಲ. ಆಮೇಲೆ ಅಲ್ಯೂಮಿನಿಯಂ ಬಂತು, ಪ್ಲಾಸ್ಟಿಕ್ ಬಂತು, ಎತ್ತುಗಳೂ ಮುದಿಯಾದವು. ಈ ವರ್ಷ ಊರ ಹೊರಗೆ ನೀರು ಸೋಸುವ ಮಡಕೆಯ ಕಾರ್ಖಾನೆ ಶುರುವಾದಾಗ ಮಗಳು ಫಲ್ಲಾ ಅಮ್ಮನನ್ನೂ ಜೊತೆಗೆ ಎಳೆದುಕೊಂಡು ಹೋದಳು.

ಅಲ್ಲಿನ ಕೆಲಸ ನೋಡಿ ಅಜ್ಜಿಗೆ ಮೊದಲ ದಿನವೇ ನಗು ಬಂದಿತ್ತು. ಜೇಡಿಮಣ್ಣಿಗೆ ಭತ್ತದ ಹೊಟ್ಟಿನ ಪುಡಿ ಕಲಸಿ ಅಚ್ಚಿನಲ್ಲಿ ಒತ್ತಬೇಕು. ಹೆಂಗಸರು ಅದರ ಅಂಚು ತಿದ್ದಿ ಒಣಗಿಸಬೇಕು. ಆಮೇಲೆ ಆವಿಗೆಯಲ್ಲಿ ಸುಡಬೇಕು. ಬೆಂಕಿಯಲ್ಲಿ ಹೊಟ್ಟು ಉರಿದುಹೋಗಿ ಅದಿದ್ದ ಕಡೆಯೆಲ್ಲ ಕಣ್ಣಿಗೆ ಕಾಣದ ತೂತು ಉಳಿಯುತ್ತದೆ. ಕೆರೆಯ ನೀರು ಸುರಿದರೆ ಕೊಳೆ ಮಡಕೆಯಲ್ಲೇ ನಿಂತು, ತಿಳಿನೀರು ಹನಿಹನಿಯಾಗಿ ಕೆಳಗಿನ ಬಕೆಟ್ಟಿಗೆ ಇಳಿಯುತ್ತದೆ. ಗಂಟೆಗೆ ಎರಡು ಲೀಟರಿನ ಆಸುಪಾಸು ಇಳಿದರೆ ಪಾಸು. ತೀರಾ ಹೆಚ್ಚಾದರೂ ತೀರಾ ಕಡಿಮೆಯಾದರೂ ಮೇಸ್ತ್ರಿ ವಿಬೋಲ್ ಸುತ್ತಿಗೆ ಎತ್ತುತ್ತಿದ್ದ. ಪ್ರತಿ ಆವಿಗೆಯಲ್ಲೂ ಅವನ ಸುತ್ತಿಗೆಗೆ ಸಿಗುತ್ತಿದ್ದದ್ದು ಅಜ್ಜಿಯ ಮಡಕೆಗಳೇ.

ಅಜ್ಜಿಯ ಚಿಂತೆ ಕೂಲಿಯದಾಗಿರಲಿಲ್ಲ. ಅವಳು ವ್ರತ ಹಿಡಿಯುವ ಶೀಲದ ದಿನಗಳಲ್ಲಿ ಬಿಳಿ ಬಟ್ಟೆ ಉಟ್ಟು ಬೌದ್ಧ ವಿಹಾರದಲ್ಲಿ ಮುಂದಿನ ಸಾಲಿನಲ್ಲಿ ಕೂತು ಗಾಥೆ ಕೇಳುವವಳು. ಓದು ಬಾರದು; ಆದರೆ ಕೇಳಿ ಕೇಳಿ ಒಂದೊಂದು ಅಕ್ಷರವೂ ಎದೆಯಲ್ಲಿ ಕೂತಿತ್ತು. ಈಚೆಗೆ ಮಾತ್ರ ಕೇಳುವ ಸುಖವೇ ಹೋಗಿತ್ತು. ಕೆರೆಯ ನೀರು ಕುಡಿದ ಮರಿಭಿಕ್ಷುಗಳು ಗಾಥೆಯ ನಡುವೆಯೇ ಹೊಟ್ಟೆ ಹಿಡಿದುಕೊಂಡು, ಮೈಮೇಲಿನ ಕಾವಿ ಚೀವರ ಎತ್ತಿಕೊಂಡು ಒಬ್ಬೊಬ್ಬರಾಗಿ ಹಿತ್ತಲಿಗೆ ಓಡುತ್ತಿದ್ದರು. ನಾಲ್ಕು ಪಾದದ ಗಾಥೆ ಎರಡೇ ಪಾದಕ್ಕೆ ಮುಗಿಯುತ್ತಿತ್ತು. ಅದಕ್ಕೇ ಊರಿನ ಹೆಂಗಸರು ಭಿಕ್ಷುಗಳಿಗೆ ಚೀವರ ಕೊಡುವ ಹಬ್ಬದ ದಿನ ತಲಾ ಒಂದು ಸೋಸುವ ಮಡಕೆಯನ್ನು, ತಂತಮ್ಮ ಕೈಯಾರೆ ತಿದ್ದಿದ್ದನ್ನೇ, ವಿಹಾರಕ್ಕೆ ಒಪ್ಪಿಸಬೇಕೆಂದು ಮಾತಾಡಿಕೊಂಡಿದ್ದರು. ಎಲ್ಲರ ಮಡಕೆಯೂ ಪಾಸಾಗಿತ್ತು. ಹಬ್ಬಕ್ಕೆ ಮುಂಚೆ ಉಳಿದಿದ್ದದ್ದು ಒಂದೇ ಆವಿಗೆ. ಅದರಲ್ಲೂ ತಪ್ಪಿದರೆ ಅಜ್ಜಿ ಬರಿಗೈಯಲ್ಲಿ ಹೋಗಬೇಕು.

ವಿಬೋಲ್ ಪಾಪ, ಹೊಟ್ಟು ಬದಲಿಸಿದ, ಜರಡಿ ಬದಲಿಸಿದ, ಅಕ್ಕಿ ಗಿರಣಿಯವನ ಜೊತೆ ಜಗಳವಾಡಿ ಬಂದ. ಕೊನೆಗೆ ಗಡಿಯಾರ ಹಿಡಿದುಕೊಂಡು ಅಜ್ಜಿಯ ಮುಂದೆಯೇ ಬಂದು ಕೂತ.

“ಅಜ್ಜಿ, ನಿಮ್ಮ ಮಡಕೇಗೆ ನೀರು ತುಂಬಿ ಬೆಳಗ್ಗೆಯಿಂದ ಕಾಯ್ತಿದೀನಿ. ಎಷ್ಟು ಇಳೀತು ಗೊತ್ತಾ?”

“ಎಷ್ಟಪ್ಪ?”

“ಒಂದೇ ಒಂದು ಹನಿ.”

ಅಜ್ಜಿಯ ಮುಖ ಕಪ್ಪಿಟ್ಟಿತು. “ಒಂದು ಹನಿಯಾ? ಎಲ್ಲಿಂದ ಸೋರ್ತು? ತೋರ್ಸು ನಂಗೆ!”

ಅವತ್ತು ವಿಬೋಲ್ ಅಜ್ಜಿಯ ಕೆಲಸವನ್ನೇ ನೋಡುತ್ತ ಕೂತ. ಉಳಿದ ಹೆಂಗಸರು ಅಚ್ಚಿನಿಂದ ಬಂದ ಮಡಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬದಿಗಿಡುತ್ತಿದ್ದರು. ಅಜ್ಜಿ ಅದನ್ನು ಮರದ ಕೊರಡಿನ ಮೇಲಿಟ್ಟಳು. ಒಳಗೆ ಎಡಗೈಯಲ್ಲಿ ದುಂಡುಕಲ್ಲು ಆನಿಸಿದಳು, ಬಲಗೈಯಲ್ಲಿ ಮರದ ಹಲಗೆ ಹಿಡಿದಳು, ತುಟಿಯಲ್ಲಿ ಗಾಥೆ ಎತ್ತಿಕೊಂಡಳು. ಮಡಕೆಯ ಸುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಅಕ್ಷರಕ್ಕೊಂದು ಏಟು: ತಪ್, ತಪ್, ತಪ್. ಗಾಥೆ ಮುಗಿದ ಮೇಲೆ ನುಣುಪುಕಲ್ಲು ತೆಗೆದು ಹೊಳೆಯುವ ತನಕ ಉಜ್ಜಿದಳು.

“ಅಜ್ಜಿ! ಏನ್ ಮಾಡ್ತಿದೀರಿ?”

“ಕಾಣಲ್ವಾ? ತೂತು ಮುಚ್ತಿದೀನಿ.”

“ತೂತು ಇರ್ಲಿ ಅಂತ ತಾನೇ ಇಷ್ಟು ಜನ ಒದ್ದಾಡ್ತಿರೋದು!”

“ಈ ಮಾತು ನಿಮ್ಮಮ್ಮನ ಕಿವಿಗೆ ಬೀಳದ ಹಾಗೆ ನೋಡ್ಕೋ. ಕುಂಬಾರಗಿತ್ತಿ ಅವಳು, ಅನ್ನ ಬಿಟ್ಟಾಳು.”

ಫಲ್ಲಾ ಹಣೆ ಚಚ್ಚಿಕೊಂಡಳು. “ಅಮ್ಮ, ತೂತು ಬೇಕು ಅಂತ ಇವರು ಮೊದಲ ದಿನವೇ ಹೇಳಿದ್ರಲ್ಲ!”

“ಕಿವಿಗೆ ಹೇಳಿದ್ರು ಕಣೇ. ಕೈಗೆ ಯಾರು ಹೇಳಿದ್ರು?”

ಮಗಳು ಹಲಗೆ, ಕಲ್ಲು ಎರಡನ್ನೂ ಕಿತ್ತುಕೊಂಡಳು. ಅಜ್ಜಿ ಹೆಬ್ಬೆರಳಲ್ಲಿ ಉಜ್ಜಿದಳು. ಬೆರಳಿಗೆ ಬಟ್ಟೆ ಸುತ್ತಿದರು. ಮೊಣಕೈಯಲ್ಲಿ ಒತ್ತಿದಳು. ಗಾಥೆ ಬಾಯಿಗೆ ಬಂದರೆ ಕೈ ತಾನಾಗಿ ಬಡಿಯಲು ಮೇಲೇಳುತ್ತಿತ್ತು. ಗಾಥೆಯಿಲ್ಲದೆ ಮಣ್ಣು ಮುಟ್ಟಲು ಅವಳಿಗೆ ಮನಸ್ಸೇ ಬಾರದು. “ಇನ್ನು ಹಗ್ಗ ತರ್ತೀನಿ ನೋಡು!” ಎಂದಳು ಫಲ್ಲಾ.

ಕೊನೆಯ ಆವಿಗೆಗೆ ಅಜ್ಜಿಯ ಪಾಲಿಗೆ ಒಂದೇ ಮಡಕೆ ಬಂತು. ಒದ್ದೆ ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದಳು. ಗಾಥೆ ತುಟಿಗೆ ಬಂತು, ಕೈ ಏಟಿಗೆ ಮೇಲೆದ್ದಿತು. ತಟ್ಟನೆ ಎರಡೂ ಕೈ ಜೋಡಿಸಿ ಎದೆಗೆ ಒತ್ತಿಕೊಂಡಳು. ಮುಗಿದ ಕೈಯಲ್ಲಿ ಬಡಿಯುವುದಾದರೂ ಹೇಗೆ? ಹಾಗೆಯೇ ಆ ಒರಟು ಮಡಕೆಯ ಎದುರು ಬುದ್ಧನೆದುರು ಕೂತಂತೆ ಕೂತು, ನಾಲ್ಕು ಪಾದವನ್ನೂ ನಿಧಾನವಾಗಿ ಹೇಳಿ ಮುಗಿಸಿದಳು. ವಿಬೋಲ್ ಉಸಿರು ಬಿಗಿಹಿಡಿದು, ಮಡಕೆ ಎತ್ತಿಕೊಂಡು ಓಡಿದ.

ಸುಟ್ಟು ತಣಿದ ಮೇಲೆ ನೀರು ತುಂಬಿದ ದಿನ ಅಜ್ಜಿ ಗೋಡೆಗೆ ಮುಖ ಮಾಡಿ ಕೂತಳು. ತೊಟ್. ತೊಟ್. ಒಂದೊಂದು ಹನಿಗೂ ಅವಳ ಹೆಗಲು ಕುಗ್ಗುತ್ತಿತ್ತು.

“ಪಾಸು!” ಎಂದು ವಿಬೋಲ್ ಕುಣಿದ. “ಎರಡು ಲೀಟರ್ ಅಜ್ಜಿ!”

“ಮೆಲ್ಲಗೆ ಹೇಳೋ,” ಎಂದಳು ಅಜ್ಜಿ. “ಊರಿಗೆಲ್ಲ ಸಾರ್ಬೇಡ.”

ಹಬ್ಬದ ದಿನ ವಿಹಾರದ ಜಗಲಿಯ ಮೇಲೆ ಮಡಕೆಗಳು ಸಾಲಾಗಿ ಕೂತವು. ಒಬ್ಬ ಮರಿಭಿಕ್ಷು ಅಜ್ಜಿಯ ಬಕೆಟ್ಟಿನ ನಲ್ಲಿ ತಿರುಗಿಸಿ ಲೋಟ ತುಂಬ ಕುಡಿದು, ಇನ್ನೊಂದು ಲೋಟ ಹಿಡಿದ. ಅಜ್ಜಿಯ ಕಣ್ಣು ತುಂಬಿತು. ಅಷ್ಟರಲ್ಲಿ ಪೂಜೆ ನಡೆಸುವ ಆಚಾರ್ಯ ಕೆಂಪು ಬಣ್ಣದ ಡಬ್ಬ, ಕುಂಚ ಹಿಡಿದು ಬಂದ. ಆ ವಿಹಾರದಲ್ಲಿ ದಾನಿಯ ಹೆಸರಿಲ್ಲದ ಕಂಬವಿಲ್ಲ, ಬೆಂಚಿಲ್ಲ. ಕಕ್ಕಸಿನ ಬಾಗಿಲ ಮೇಲೂ ಒಂದು ದಂಪತಿಯ ಹೆಸರಿತ್ತು. ಮಡಕೆಗಳ ಅಂಚಿನ ಮೇಲೆ ಒಂದೊಂದೇ ಹೆಸರು ಬರೆಯುತ್ತ ಅಜ್ಜಿಯದರ ಮುಂದೆ ನಿಂತ.

“ಬರೀ ಯೆಮ್ ಅಂತ ಬರೀಲಾ ಅಕ್ಕ, ಪೂರ್ತಿ ಹೆಸರು ಬರೀಲಾ?”

ಅಜ್ಜಿ ಕಿವಿಗೊಟ್ಟಳು. ಒಳಗೆ ತೊಟ್, ತೊಟ್.

“ಸೋರ್ತಾ ಇರೋ ಮಡಕೆ ಮೇಲೆ ನನ್ನ ಹೆಸರಾ?”

“ಹೆಸರಿಲ್ದೆ ಹೋದ್ರೆ ಪುಣ್ಯ ಯಾರಿಗೆ ಸೇರ್ಬೇಕು ಅಕ್ಕ? ಹೆಸರು ಕೊಡು ಅಂತ ಕೇಳ್ಕೋತೀನಿ. ಚಿಕ್ಕದಾಗಿ ಬರೀತೀನಿ, ಹಿಂದ್ಗಡೆ.”

“ಮುಂದೂ ಬೇಡ, ಹಿಂದೂ ಬೇಡ,” ಎಂದಳು ಯೆಮ್ ಅಜ್ಜಿ. “ಕುಂಚ ಆಚೆ ತಗೊಂಡು ಹೋಗು. ಹೆಸರು ಕೊಡಲ್ಲ ಅಂದ್ರೆ ಕೊಡಲ್ಲ.”