ವಾರೆಯಲ್ಲಿ ಲಾಕ್

ನನ್ನ ಮಗಳನ್ನು ಕಟ್ಟಿಕೊಂಡವನು ಅಳಿಯ ಅಲ್ಲ, ಮಗಳ ಗಂಡ. ಗಾದೆಯಲ್ಲಿ ಎರಡೂ ಒಂದೇ ಇರಬಹುದು, ನನ್ನ ಮನಸ್ಸಿನಲ್ಲಿ ಬೇರೆ ಬೇರೆ. ಅಳಿಯ ಅಂದರೆ ಒಂದು ತೂಕ ಇರಬೇಕು. ಇವನು ಮನೆಗೆ ಬಂದ ಮೊದಲ ದಿನವೇ ನಡುಮನೆಯ ಫ್ಯಾನಿನ ಸ್ವಿಚ್ಚು ಒತ್ತಿ, ಅದು ತಿರುಗುವ ಮೊದಲೇ ಇನ್ನೊಂದು ಸಲ ಒತ್ತಿ, ಫ್ಯಾನು ಕೆಟ್ಟಿದೆ ಅಂದ ಮಹಾನುಭಾವ. ಅವತ್ತೇ ಅವನಿಗೆ ಸ್ವಿಚ್ಚಪ್ಪ ಅಂತ ಹೆಸರಿಟ್ಟೆ. ಮನಸ್ಸಿನಲ್ಲಿಟ್ಟುಕೊಂಡ ಹೆಸರು ಒಮ್ಮೊಮ್ಮೆ ಬಾಯಿಗೂ ಬಂದುಬಿಡುತ್ತದೆ. ಅವನಿಗೆ ಅದು ಪ್ರೀತಿಯ ಹೆಸರು ಅನಿಸಿ ಹಲ್ಲು ಕಿರಿಯುತ್ತಾನೆ.

ನಮ್ಮ ಮನೆಯ ಅನ್ನ ಒಂದೇ ಒಂದು ಲಾರಿಯ ಮೇಲೆ ನಿಂತಿದೆ. ದೊಡ್ಡದಲ್ಲ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸಣ್ಣ ಗಟ್ಟಿ ಲಾರಿ. ಬೆಟ್ಟದ ಮೇಲೆ ಕಲ್ಲು ಒಡೆಯುವವರ ಶಿಬಿರ ಇದೆ. ಅವರ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಅಕ್ಕಿ ಬೇಳೆ, ಯಂತ್ರಗಳ ಎಣ್ಣೆ ಎಲ್ಲ ಹೋಗುವುದು ನಮ್ಮ ಲಾರಿಯಲ್ಲೇ. ಮೊದಲು ನನ್ನ ಗಂಡ ಓಡಿಸುತ್ತಿದ್ದರು. ಅವರು ಹೋದ ಮೇಲೆ ನಾನು. ಹೆಂಗಸು ಲಾರಿ ಓಡಿಸುತ್ತಾಳಾ ಅಂತ ನಕ್ಕವರನ್ನೆಲ್ಲ ಕೆಸರಿನಿಂದ ಎಳೆದು ಹಾಕಿದ್ದೇನೆ, ಹಗ್ಗ ಕಟ್ಟಿ.

ಆಗ ನಮ್ಮ ಲಾರಿಗೆ ಎರಡು ಚಕ್ರವನ್ನು ಒಟ್ಟಿಗೆ ಕಟ್ಟಿಹಾಕುವ ಲಾಕ್ ಗೀಕ್ ಏನೂ ಇರಲಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೆಂದೇ ಎರಡು ಚಕ್ರದ ನಡುವೆ ಡಿಫರೆನ್ಷಿಯಲ್ ಇರುವುದು. ಆದರೆ ಅದಕ್ಕೊಂದು ಸೋಮಾರಿ ಬುದ್ಧಿ. ಕೆಸರಿಗೆ ಇಳಿದರೆ ಯಾವ ಚಕ್ರಕ್ಕೆ ಹಗುರವೋ ಅದನ್ನೇ ಗರಗರ ತಿರುಗಿಸುತ್ತದೆ, ನೆಲ ಕಚ್ಚಿ ನಿಂತ ಚಕ್ರ ಸುಮ್ಮನೆ ನೋಡುತ್ತಾ ಕೂರುತ್ತದೆ. ಆಗ ನಾನು ಹ್ಯಾಂಡ್ ಬ್ರೇಕನ್ನು ಅರೆಬರೆ ಎಳೆದು ತಿರುಗುವ ಚಕ್ರವನ್ನು ಸ್ವಲ್ಪ ಹಿಡಿಯುತ್ತಿದ್ದೆ. ಬಲ ಇನ್ನೊಂದಕ್ಕೂ ಹೋಗುತ್ತಿತ್ತು, ಲಾರಿ ಗೊಣಗುತ್ತಾ ಮೇಲೆ ಬರುತ್ತಿತ್ತು. ಮಗಳಿಗೂ ಹಾಗೇ ಕಲಿಸಿದ್ದೆ. ಮದುವೆಗೆ ಮುಂಚೆ ಅವಳು ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಈ ಮಾತನ್ನು ಅವಳೆದುರು ಯಾವತ್ತೂ ಹೇಳಿಲ್ಲ.

ಈಗ ನನ್ನ ಮೊಣಕಾಲು ಕೈಕೊಟ್ಟಿದೆ. ಕ್ಲಚ್ ತುಳಿಯುವುದು ಇನ್ನು ಬೇಡ ಅಂದರು ಡಾಕ್ಟರು. ಸ್ಟಿಯರಿಂಗ್ ಯಾರಿಗೆ ಅನ್ನುವ ಪ್ರಶ್ನೆ ಬಂತು. ನನಗೆ ಅದು ಪ್ರಶ್ನೆಯೇ ಅಲ್ಲ. ಲಾರಿ ನನ್ನ ಮಗಳ ಕೈಗೆ ಹೋಗಬೇಕು. ಆದರೆ ಆ ಹುಡುಗಿ ಏನಂದಳು ಗೊತ್ತೇ?

“ಅವರೇ ಓಡಿಸ್ಲಿ ಬಿಡಮ್ಮ. ಅವರಿಗೆ ಇಷ್ಟ.”

ಇಷ್ಟವಂತೆ! ಮದುವೆಯಾದ ಮೇಲೆ ಅವಳು ಪಕ್ಕದ ಸೀಟಿಗೆ ಸರಿದು ಕೂತವಳು, ಅಲ್ಲೇ ಬೇರು ಬಿಟ್ಟಿದ್ದಳು. ಅವನು ಗೇರು ಕರಕರ ಅನ್ನಿಸಿದರೆ ಕಿಟಕಿಯಾಚೆ ನೋಡುತ್ತಿದ್ದಳು. ಇವನು ಒಂದು ದಿನ ಚೆನ್ನಾಗಿ ಎಡವಬೇಕು, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಎಡವಬೇಕು, ಆಗಲಾದರೂ ಇವಳು ಎದ್ದು ಆ ಸೀಟಿಗೆ ಬರುತ್ತಾಳೆ ಅಂತ ಕಾಯುತ್ತಿದ್ದೆ.

ಸ್ವಿಚ್ಚಪ್ಪನಿಗೆ ಲಾರಿ ಕೈಗೆ ಬಂದದ್ದೇ ತಡ, ಲಾಕ್ ಹಾಕಿಸಬೇಕು ಅಂತ ಶುರುವಾಯಿತು. ಮಗಳ ಮದುವೆಯಲ್ಲಿ ಬೀಗರು ಬಂದದ್ದು ಸಾಲದು, ಈಗ ಲಾರಿಗೂ ಒಂದು ಬೀಗ. ಮೂವರೂ ಗ್ಯಾರೇಜಿಗೆ ಹೋದೆವು. ಫಿಟ್ಟರು ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಎರಡು ಬಗೆ ಇಟ್ಟ. ಒಂದಕ್ಕೆ ಸ್ವಿಚ್ಚಿಲ್ಲ, ತಾನೇ ಕಚ್ಚುತ್ತದೆ, ತಾನೇ ಬಿಡುತ್ತದೆ, ತಿರುವಿನಲ್ಲಿ ಟಕ್ ಟಕ್ ಅಂತ ಸದ್ದು ಮಾಡುತ್ತದೆ. ಇನ್ನೊಂದು ಗಾಳಿಯ ಒತ್ತಡದಿಂದ ಕಚ್ಚುವುದು. ಸ್ವಿಚ್ಚು ಒತ್ತಿದರೆ ಎರಡೂ ಚಕ್ರ ಒಂದೇ ಸಮ, ತೆಗೆದರೆ ಮೊದಲಿನ ಹಾಗೆ.

ಸ್ವಿಚ್ಚು ಅಂದ ಕೂಡಲೇ ನಮ್ಮವನ ಕಣ್ಣು ಅರಳಿತು.

“ಇದೇ ಇರ್ಲಿ. ಹಿಂದಕ್ಕೂ ಹಾಕಿ, ಮುಂದಕ್ಕೂ ಹಾಕಿ.”

“ಅಳಿಯಂದ್ರೇ,” ಅಂದೆ, “ಮುಂದಿನ ಚಕ್ರ ಎರಡನ್ನೂ ಕಟ್ಟಿಹಾಕಿದ್ರೆ ಲಾರಿ ತಿರುಗೋದೇ ಕಷ್ಟ. ಆಮೇಲೆ ಸ್ಟಿಯರಿಂಗ್ ಯಾಕೆ? ಕಿತ್ತು ಮನೇಲಿ ಗೋಡೆಗೆ ತೂಗು ಹಾಕಿ, ಚೆನ್ನಾಗಿ ಕಾಣುತ್ತೆ.”

ಅವನು ನಕ್ಕ. ಅವನಿಗೆ ಬೈದರೂ ಒಂದೇ, ಹೊಗಳಿದರೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮಗಳು ಮಾತ್ರ ಬೆಂಚಿನ ಹತ್ತಿರ ಬಗ್ಗಿ, “ಆಫ್ ಮಾಡಿದ ತಕ್ಷಣ ಬಿಡುತ್ತಾ, ಇಲ್ಲ ಸ್ವಲ್ಪ ಹೊತ್ತು ಹಿಡ್ಕೊಂಡೇ ಇರುತ್ತಾ?” ಅಂತ ಕೇಳಿದಳು. ಕೇಳಬೇಕಾದ ಪ್ರಶ್ನೆ ಅದೊಂದೇ. ಆ ಫಿಟ್ಟರು ಮುಠ್ಠಾಳ, ಅವಳು ಕೇಳಿದ್ದಕ್ಕೆ ಉತ್ತರವನ್ನು ಇವನಿಗೆ ಹೇಳಿದ. “ಸ್ವಲ್ಪ ಉರುಳಿದ ಮೇಲೆ ಬಿಡುತ್ತೆ ಸಾರ್. ದೀಪ ಆರೋವರೆಗೂ ಲಾಕ್ ಇದೆ ಅಂತಾನೇ ಅರ್ಥ. ಗಟ್ಟಿ ರಸ್ತೆಯಲ್ಲಿ, ತಿರುವಿನಲ್ಲಿ, ವಾರೆಯಲ್ಲಿ ಹಾಕ್ಬೇಡಿ.” ಇವನು ತಲೆ ಆಡಿಸಿದ. ಕೊನೆಗೆ ಹಿಂದಿನ ಚಕ್ರಕ್ಕೆ ಮಾತ್ರ ಹಾಕಿಸಿದೆವು. ಡ್ಯಾಶ್‌ಬೋರ್ಡಿನ ನಡುವೆ ಒಂದು ಕೆಂಪು ಸ್ವಿಚ್ಚು, ಅದರ ಕೆಳಗೆ ಕಿತ್ತಳೆ ಬಣ್ಣದ ದೀಪ.

ಆಮೇಲೆ ನೋಡಬೇಕಿತ್ತು ಇವನ ಆಟ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಅನ್ನುತ್ತಾರಲ್ಲ, ಇವನು ಪೆಟ್ರೋಲ್ ಬಂಕಿನಲ್ಲಿ ನಿಂತವರಿಗೆಲ್ಲ ಸ್ವಿಚ್ಚು ತೋರಿಸಿದ. ಪಕ್ಕದ ಮನೆಯ ದರ್ಜಿಯನ್ನು ಕರೆದು ಲಾರಿಯ ಕೆಳಗೆ ಮಲಗಿಸಿದ. ಆದರೆ ಕೆಸರಿನಲ್ಲಿ ಮಾಡಿದ್ದೇನು? ಮೊದಲು ಜೋರಾಗಿ ನುಗ್ಗಿ ಹೂತು ಹಾಕುತ್ತಿದ್ದ. ಚಕ್ರ ಸುಯ್ಯೆಂದು ತಿರುಗುತ್ತಿರುವಾಗಲೇ ಸ್ವಿಚ್ಚು ಒತ್ತುತ್ತಿದ್ದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಅಂದರೆ ಇದೇ. ಒಳಗೆ ಹಲ್ಲಿಗೆ ಹಲ್ಲು ಬಡಿದು ಕಟ್ ಅನ್ನುವ ಸದ್ದಿಗೆ ನನ್ನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಕೆಸರಿಗೆ ಇಳಿಯುವ ಮೊದಲೇ ನಿಲ್ಲಿಸಿ ಒತ್ತಬೇಕು, ನಿಧಾನ ಉರುಳಿಸಬೇಕು, ದೀಪ ಹತ್ತಿದ ಮೇಲೆ ಇಳಿಯಬೇಕು. ಹೇಳಿ ಹೇಳಿ ನನ್ನ ಬಾಯಿ ಒಣಗಿತು. “ಆಯ್ತು ಅತ್ತೆ” ಅನ್ನುವುದು, ಮತ್ತೆ ಅದನ್ನೇ ಮಾಡುವುದು. ಕೊನೆಗೆ ಹೇಳುವುದನ್ನೇ ಬಿಟ್ಟೆ.

ಆ ದಿನ ಬೆಳಗ್ಗೆ ಮಳೆ ನಿಂತಿತ್ತು. ಲಾರಿ ತುಂಬ ಸರಕು. ಅವನು ಸ್ಟಿಯರಿಂಗಿಗೆ, ಮಗಳು ಆಚೆ ಕಿಟಕಿಗೆ. ನಾನು ನಡುವೆ ಕೂತೆ. ಗೇರಿನ ಕೋಲು ಮೊಣಕಾಲಿಗೆ ತಗಲುತ್ತದೆ, ಆದರೂ ಅವನ ಕೈಕಾಲಿನ ಮೇಲೆ ಕಣ್ಣಿಡುವುದಕ್ಕೆ ಅದೇ ಸರಿಯಾದ ಜಾಗ.

ದೊಡ್ಡ ಕೆಸರುಗುಂಡಿ ಬಂತು. ಅಚ್ಚರಿ ಅಂದರೆ, ಅವತ್ತು ಅವನು ಎಲ್ಲವನ್ನೂ ಸರಿಯಾಗಿ ಮಾಡಿದ. ಗುಂಡಿಗೆ ಮುಂಚೆ ನಿಲ್ಲಿಸಿದ, ಸ್ವಿಚ್ಚು ಒತ್ತಿದ, ಮೆಲ್ಲಗೆ ಉರುಳಿಸಿ ದೀಪ ಹತ್ತಿಸಿದ. ಲಾರಿ ಎರಡೂ ಹಿಂಚಕ್ರದಿಂದ ನೆಲ ಕೆರೆದುಕೊಂಡು ದರ್ಪದಿಂದ ಆಚೆ ದಡ ಹತ್ತಿತು. ನಿಜ ಹೇಳಬೇಕೆಂದರೆ ನನಗೆ ಬೇಜಾರಾಯಿತು.

“ನೋಡಿದ್ರಾ ಅತ್ತೆ! ನೀವು ಹೇಳಿದ ಹಾಗೇ ಮಾಡ್ದೆ,” ಅಂತ ನನ್ನ ಕಡೆ ತಿರುಗಿ ಮುಖ ಅರಳಿಸಿದ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಮಕ್ಕಳ ಮುಖ.

ಆ ಸಂಭ್ರಮದಲ್ಲಿ ಅವನು ಲಾಕ್ ತೆಗೆಯುವುದನ್ನು ಮರೆತ.

ಕಿತ್ತಳೆ ದೀಪ ಉರಿಯುತ್ತಲೇ ಇತ್ತು. ಮುಂದಿನ ತಿರುವಿನಲ್ಲಿ ಲಾರಿ ತಿರುಗಲು ಒಪ್ಪದೆ ನೇರಕ್ಕೆ ಹೋಗಲು ಹಟ ಮಾಡಿತು. “ಸ್ಟಿಯರಿಂಗ್ ಯಾಕೋ ಬಿಗಿ, ಎಣ್ಣೆ ಕಮ್ಮಿ ಆಗಿರ್ಬೇಕು,” ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ದೀಪ ನೋಡಿದೆ, ರಸ್ತೆ ನೋಡಿದೆ. ಮುಂದೆ ವಾರೆ ಇತ್ತು.

ವಾರೆ ಅಂದರೆ ರಸ್ತೆ ಇಡೀ ಒಂದು ಪಕ್ಕಕ್ಕೆ ಓರೆಯಾಗಿರುವ ಜಾಗ. ಮೇಲೆ ಬಂಡೆ, ಕೆಳಗೆ ಹಳ್ಳ. ಅಲ್ಲಿ ಲಾಕ್ ಇಲ್ಲದಿದ್ದರೆ ಒಂದು ಚಕ್ರ ಜಾರಿದರೂ ಇನ್ನೊಂದು ಸುಮ್ಮನೆ ನೆಲ ಹಿಡಿದು ನಿಂತಿರುತ್ತದೆ, ಅದೇ ನಮ್ಮ ಗೂಟ. ಲಾಕ್ ಇದ್ದರೆ ಎರಡೂ ಒಟ್ಟಿಗೆ ತಿರುಗಿ, ಎರಡೂ ಒಟ್ಟಿಗೆ ಜಾರಿ, ಲಾರಿಯ ಹಿಂಭಾಗ ಇಡಿಯಾಗಿ ಕೆಳಗೆ ಹೋಗುತ್ತದೆ. ನನಗೆ ಇದು ಗೊತ್ತಿತ್ತು. ಅಳಿಯಂದ್ರೇ ದೀಪ, ಅಂದಿದ್ದರೆ ಸಾಕಾಗಿತ್ತು. ಅನ್ನಲಿಲ್ಲ. ಸ್ವಲ್ಪ ಜಾರಲಿ, ಇವನ ಎದೆ ನಡುಗಲಿ, ಇವಳ ಕಣ್ಣು ತೆರೆಯಲಿ. ಸ್ವಲ್ಪ ಎಷ್ಟು ಅನ್ನುವುದನ್ನು ಜಾರುವ ಮಣ್ಣು ನನ್ನನ್ನು ಕೇಳಿ ತೀರ್ಮಾನಿಸುವುದಿಲ್ಲ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ.

ವಾರೆಯ ನಡುವೆ ಹಿಂಭಾಗ ಸರ್ರೆಂದು ಹೋಯಿತು. ಸಿಲಿಂಡರುಗಳು ಒಂದಕ್ಕೊಂದು ಬಡಿದವು. ಅವನು ಹೆದರಿ ಆಕ್ಸಿಲರೇಟರ್ ಒತ್ತಿದ. ಅದು ಇನ್ನೂ ಸರಿಯಿತು. ಮಗಳ ಕಿಟಕಿಯಲ್ಲಿ ರಸ್ತೆ ಇರಲಿಲ್ಲ, ಹಳ್ಳದ ಕಲ್ಲುಗಳಿದ್ದವು.

“ಕಾಲು ತೆಗೀರಿ!” ಮಗಳು ಕೂಗಿದಳು. ಅವನ ಕಾಲು ಮರಗಟ್ಟಿತ್ತು. “ಅಮ್ಮಾ, ಕೀ! ಕೀ ತಿರುಗಿಸು!”

ಇಷ್ಟು ಕಾಲ ಇದೇ ದಾರಿಯಲ್ಲಿ ಓಡಿಸಿದವಳು ನಾನು, ನನಗೆ ಕೀ ಎಲ್ಲಿದೆ ಅನ್ನುವುದೇ ಮರೆತಿತ್ತು. ಅವಳು ಇನ್ನೊಮ್ಮೆ ಕಿರುಚಿದಾಗ ತಿರುಗಿಸಿದೆ. ಎಂಜಿನ್ ಕೆಮ್ಮಿ ಸತ್ತಿತು. ಗೇರಿನಲ್ಲೇ ಇದ್ದ ಲಾರಿ ಇನ್ನೊಂದು ಗೇಣು ಜಾರಿ, ರಸ್ತೆಯಂಚಿನ ಕಲ್ಲಿಗೆ ಹಿಂಚಕ್ರ ಒರಗಿಸಿ ನಿಂತಿತು.

ಮೇಲಿನ ಬಾಗಿಲಿನಿಂದ ಮೊದಲು ಅವನು ಇಳಿದ. ಆಮೇಲೆ ನಾನು, ಅವನ ಕೈ ಹಿಡಿದುಕೊಂಡು. ಬೇರೆ ದಾರಿ ಇರಲಿಲ್ಲ. ಕೊನೆಗೆ ಮಗಳು ಸೀಟಿನ ಮೇಲೆ ತೆವಳಿಕೊಂಡು ಬಂದಳು, ಆದರೆ ಇಳಿಯಲಿಲ್ಲ. ಸ್ಟಿಯರಿಂಗಿನ ಮುಂದೆ ಕೂತು ದೀಪದ ಕಡೆ ನೋಡಿದಳು, ಕೀ ಅರ್ಧ ತಿರುಗಿಸಿದಾಗ ಅದು ಮತ್ತೆ ಹತ್ತಿತು. ಸ್ವಿಚ್ಚು ತೆಗೆದಳು. ನಾನು ಎಷ್ಟು ಕಾಲದಿಂದ ಕಾದಿದ್ದ ನೋಟ! ಅವಳು ಆ ಸೀಟಿನಲ್ಲಿ ಕೂತಿದ್ದಾಳೆ.

“ನೀನು ದೀಪ ನೋಡಿ ನಗ್ತಿದ್ದೆ,” ಅಂದಳು. “ಆ ತಿರುವಿನಲ್ಲಿ. ಅಮ್ಮ ಯಾಕೆ ನಗ್ತಿದ್ದಾಳೆ ಅಂತ ಯೋಚಿಸ್ತಾ ಕೂತಿದ್ದೆ ನಾನು.”

ನಾನು ಬಾಯಿ ತೆರೆಯುವ ಮೊದಲೇ ಅವನು ನಡುವೆ ಬಂದ. ಕೆಸರು ಮೆತ್ತಿದ ಕೈಯಿಂದ ಮುಖ ಒರೆಸಿಕೊಳ್ಳುತ್ತಾ, “ಏ, ಏನ್ ಮಾತಾಡ್ತೀಯ! ತಪ್ಪು ನಂದು. ಅತ್ತೆಗೆ ಗೊತ್ತಿದ್ದಿದ್ರೆ ಹೇಳ್ತಿರ್ಲಿಲ್ವಾ?” ಅಂದ.

ಮಗಳು ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಇಬ್ಬರೂ ನಡ್ಕೊಂಡು ಬನ್ನಿ. ಮೇಲೆ ಸಿಗ್ತೀನಿ. ನಾಳೆಯಿಂದ ನಾನೊಬ್ಬಳೇ ಹೋಗ್ತೀನಿ. ನನ್ನ ಪಕ್ಕದಲ್ಲಿ ಯಾರೂ ಬೇಡ.”

ಹಿಂಚಕ್ರ ಕಲ್ಲಿಗೆ ಒರಗಿದ್ದ ಹಾಗೇ ಮುಂಭಾಗವನ್ನು ಸ್ವಲ್ಪ ಇಳಿಜಾರಿನ ಕಡೆಗೇ ತಿರುಗಿಸಿ, ಕಾಲಿನ ತುದಿಯಷ್ಟೇ ಒತ್ತಿ, ಲಾರಿಯನ್ನು ಒಂದೊಂದೇ ಮಾರು ಸಾಗಿಸಿದಳು. ಒಂದು ಚಕ್ರ ಜಾರಿತು, ಇನ್ನೊಂದು ಹಿಡಿಯಿತು. ವಾರೆ ದಾಟಿ ಏರಿನ ಬುಡದಲ್ಲಿ ನಿಲ್ಲಿಸಿ, ಲಾಕ್ ಹಾಕಿ, ಉರುಳಿಸಿ ನೋಡಿ, ಒಂದೇ ಸಮನೆ ಹತ್ತಿಕೊಂಡು ಹೋದಳು. ಎಷ್ಟು ಚೆನ್ನಾಗಿ ಓಡಿಸಿದಳು ಅಂತ ಹೇಳಲು ಪಕ್ಕದಲ್ಲಿ ಇವನೊಬ್ಬನೇ ಇದ್ದ.

ನಾವು ನಡೆದೆವು. ನೆಲ ಜಾರುತ್ತಿತ್ತು. ನನ್ನ ಮೊಣಕಾಲು ಮಡಚುತ್ತಿರಲಿಲ್ಲ. ಅವನು ನನ್ನ ತೋಳು ಹಿಡಿದು, ತಾನು ಹಳ್ಳದ ಕಡೆ ನಡೆಯುತ್ತಾ, ದಾರಿಯುದ್ದಕ್ಕೂ ವಟಗುಟ್ಟಿದ. ಅವಳು ಹೆದರಿದ್ದಾಳೆ, ಹೆದರಿದವರು ಏನೇನೋ ಅಂತಾರೆ, ಮನಸ್ಸಿಗೆ ಹಚ್ಕೋಬೇಡಿ ಅತ್ತೆ, ನಾನು ಅವಳಿಗೆ ಹೇಳ್ತೀನಿ. ಅವನ ಒಳ್ಳೆಯತನ ನನಗೆ ಅವನ ಪೆದ್ದುತನಕ್ಕಿಂತ ಅಸಹ್ಯವಾಯಿತು. ಕೇಳಲಾಗಲಿಲ್ಲ.

“ನೋಡಿದ್ದೆ ಕಣಪ್ಪಾ,” ಅಂದೆ. “ದೀಪ ನೋಡಿದ್ದೆ. ಗೊತ್ತಿದ್ದೂ ಹೇಳ್ಲಿಲ್ಲ.”

ಅವನು ನಿಂತ. ಯೋಚನೆ ಅವನ ತಲೆಯಲ್ಲಿ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ನನಗೆ ಕಾಣುತ್ತಿತ್ತು. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ತಿರುಗಿ ಬೈಯಲು ನನ್ನಲ್ಲಿ ಬೇಕಾದಷ್ಟಿತ್ತು.

“ಹಳ್ಳದ ಕಡೆ ಕಿಟಕೀಲಿ ಅವಳು ಕೂತಿದ್ದಳಲ್ಲಾ ಅತ್ತೆ?” ಅಂದ.

ವಾರೆ ಇನ್ನೂ ಮುಗಿದಿರಲಿಲ್ಲ, ಅದಕ್ಕೆ ಅವನು ನನ್ನ ತೋಳು ಬಿಡಲಿಲ್ಲ, ನನ್ನ ಮುಖ ಮಾತ್ರ ನೋಡದೆ ನಡೆಸಿಕೊಂಡು ಹೋದ.