ಮುತ್ಯಾನ ಮೊಣಕಾಲು

ಅರ್ಧ ಬಡಿದ ರೊಟ್ಟಿಯನ್ನು ಪರಾತದಲ್ಲೇ ಬಿಟ್ಟು ಶಶಿಕಲಾ ಹೊರಗೆ ಓಡಿದಳು. ಗಂಡ ನಂದಕುಮಾರ ಕೂಗಿದ ದನಿಯೇ ಎಲ್ಲವನ್ನೂ ಹೇಳಿತ್ತು. ಮಾವ ಹಾವಗೆಪ್ಪ ನಿದ್ದೆಯಲ್ಲೇ ಹೋಗಿದ್ದರು.

ಹೊತ್ತು ಏರುವುದರೊಳಗೆ ಚಿದ್ರಿಯ ಆ ಓಣಿ ಮನೆಯ ಮುಂದೆ ನೆರೆಯಿತು. ವಿಭೂತಿ ಹಚ್ಚಿ, ಕೂತ ಭಂಗಿಯಲ್ಲೇ ಮಣ್ಣು ಮಾಡುವ ಪದ್ಧತಿಯಂತೆ ಅವರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಎಂಟು ವರ್ಷದ ಮೊಮ್ಮಗಳು ದಾನೇಶ್ವರಿಯನ್ನು ಮರುದಿನವೇ ಹೃದಯದ ಆಪರೇಷನ್ನಿಗೆ ಹೈದರಾಬಾದಿಗೆ ಒಯ್ಯಬೇಕಿತ್ತು. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು.

“ಪಾಪ, ಮೊಣಕಾಲು ಭಾಳ ಸತಾಯ್ಸತಿದ್ದವು ಭಾಯಿಗಿ,” ಎಂದಳು ಪಕ್ಕದ ಮನೆಯ ಮುನ್ನಿಬೀ. “ಮೊಮ್ಮಗಳಿಗಿ ಸಾಲಿಗಿ ಬಿಡಾಕ ಹೋದ್ರ ನಾಕ ಕಡಿ ಕುಂಡ್ರತಿದ್ರು.”

“ಎಷ್ಟ ಸಲ ಎಣ್ಣಿ ಕಳಿಸೀನಿ ನಾ!” ಔರಾದದಿಂದ ಓಡಿಬಂದಿದ್ದ ಹಿರಿಯ ಮಗಳು ಶಿವಕಾಂತಾ ಬಿಕ್ಕಿದಳು.

ಶಶಿಕಲಾಗೆ ತಡೆಯಲಾಗಲಿಲ್ಲ. “ಅವ್ರಿಗಿ ಮೊಣಕಾಲು ನೋವೇ ಇದ್ದಿಲ್ರಿ ಅಕ್ಕಾ.”

“ಮತ್ತ ನನ್ನ ಎಣ್ಣಿ?”

ಮುನ್ನಿಬೀ ಬಾಯಿಗೆ ಸೆರಗು ಹಿಡಿದಳು. “ಯಾ ಅಲ್ಲಾ! ನನ್ನ ಕಾಲಿಗಿ ಬಂತಲ್ರಿ ಅದು! ‘ನನಗ ಮಿಕ್ಕ್ಯದ, ತಗೋ ತಂಗಿ’ ಅಂತಿದ್ರು.”

ಅಳುತ್ತಿದ್ದವರೇ ನಕ್ಕುಬಿಟ್ಟರು.

*

ಹಿಂದೆ ಶಾಲೆಯ ದಾರಿಯಲ್ಲಿ ತುಸು ಬೇಗ ನಡೆದರೂ ದಾನುವಿನ ತುಟಿ ನೀಲಿಗಟ್ಟುತ್ತಿತ್ತು. ಕುಕ್ಕರುಗಾಲಲ್ಲಿ ಕುಳಿತರೆ ಉಸಿರು ಹತೋಟಿಗೆ ಬರುತ್ತಿತ್ತು. “ಕಪ್ಪಿ ಕುಂತದ ನೋಡ್ರೋ!” ಎಂದು ಹುಡುಗರು ಕಪ್ಪೆಯಂತೆ ಕುಪ್ಪಳಿಸಿ ಕುಣಿದ ದಿನ, ಇನ್ನು ಶಾಲೆಗೇ ಹೋಗುವುದಿಲ್ಲವೆಂದು ಹಟ ಹಿಡಿದಳು.

ಮರುದಿನ ಅಜ್ಜ ಹಾವಗೆಪ್ಪ ಜೊತೆಗೆ ಹೊರಟರು. ಭಾಲ್ಕಿ ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು, ಕಣ್ಣಂಚಿನಲ್ಲೇ ಎಲ್ಲವನ್ನೂ ನೋಡಬಲ್ಲವರು. ಮೊಮ್ಮಗಳ ತುಟಿಯ ಬಣ್ಣ ತಿರುಗುವ ಮೊದಲೇ, “ತಡಿಯವ್ವಾ, ಕಾಲು ಹಿಡದಾವ,” ಎಂದು ಬಿಳಿ ಧೋತರ ಸಮೇತ ದಾರಿಯಲ್ಲೇ ಕುಕ್ಕರಿಸಿದರು. ದಾನು ಪಕ್ಕದಲ್ಲಿ ಕುಳಿತಳು. “ಕಪ್ಪಿ ಮುತ್ಯಾ!” ಎಂದ ಹುಡುಗರಿಗೆ ಮುದುಕ ವಟರ್ ವಟರ್ ಎಂದು ಕಪ್ಪೆಯ ದನಿಯಲ್ಲೇ ಉತ್ತರ ಕೊಟ್ಟರು.

ಅಂದಿನಿಂದ ಓಣಿಯೆಲ್ಲ ಅವರ ಮೊಣಕಾಲಿಗೆ ಮರುಗಿತು. ಅದೇ ಕಾಲುಗಳು ಏಣಿ ಹತ್ತಿ ನೀರಿನ ಟಾಕಿ ತೊಳೆಯುವುದನ್ನು ಶಶಿಕಲಾ ಒಬ್ಬಳೇ ಕಂಡಿದ್ದಳು.

“ಯಾರಿಗೂ ಹೇಳಬ್ಯಾಡವ್ವಾ,” ಎಂದಿದ್ದರು.

*

“ಅದೆಲ್ಲಾ ಖರೇ,” ಶಶಿಕಲಾ ಹೇಳಿದ್ದನ್ನು ಕೇಳಿ ಶಿವಕಾಂತಾ ಕಣ್ಣೊರೆಸಿಕೊಂಡು ತಮ್ಮನತ್ತ ತಿರುಗಿದಳು. “ಇವತ್ತ ಅಪ್ಪಗ ಮಣ್ಣ ಕೊಟ್ಟು, ನಾಳಿಗೇ ಕೂಸಿಗಿ ಕೊಯ್ಸಾಕ ಒಯ್ತೀಯೇನು? ತಾರೀಕು ಮುಂದ ಹಾಕೋ.”

ನಂದಕುಮಾರ ಹೆಂಡತಿಯ ಮುಖ ನೋಡಿದ.

“ಮಾವ ಯಾವತ್ತರ ಸೂತಕ ಹಿಡದಾರೇನ್ರಿ?” ಎಂದಳು ಶಶಿಕಲಾ. “ಅತ್ತಿ ತೀರಿಕೊಂಡ ಮರುದಿನಾನೇ ಡ್ಯೂಟಿಗಿ ಹೋಗಿದ್ರಂತ. ‘ಮಂದಿ ಬಸ್ಸಿಗಿ ಕಾಯ್ತಾರ’ ಅಂದಿದ್ರಂತ. ನೀವೇ ಹೇಳೀರಲ್ರಿ ಅಕ್ಕಾ.”

ಶಿವಕಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

“ಕೂಸಿನ ಚೀಲಾ ತುಂಬೀರೋ ಇಲ್ಲೋ?” ಎಂದಳು.

ಆಪರೇಷನ್ ಮಾತು ಬಂದಾಗಿನಿಂದ ದಾನು ಏನನ್ನೂ ಕೇಳಿರಲಿಲ್ಲ. ಕೇಳಲು ಬಾಯಿ ತೆರೆದು, ಹಾಲು ಬೇಡವೆಂದೋ ರಿಬ್ಬನ್ ಸಡಿಲಾಯಿತೆಂದೋ ಮಾತು ಮರೆಸುತ್ತಿದ್ದಳು. ಈಗ ಹೆಂಗಸರ ನಡುವಿನಿಂದೆದ್ದು ಮುತ್ಯಾನ ಬಲಕ್ಕೆ ಹೋದಳು. ಕುಕ್ಕರುಗಾಲಲ್ಲಿ ಕೂರಲಿಲ್ಲ. ಅವರಂತೆಯೇ ಚಕ್ಕಳಮಕ್ಕಳ ಹಾಕಿ ಗೋಡೆಗೆ ಬೆನ್ನು ಕೊಟ್ಟಳು. ಶಶಿಕಲಾ ಹತ್ತಿರ ಬಂದು ಬಾಗಿದಳು.

“ಅವ್ವಾ, ಆಪರೇಷನ್ ಆಗಿ ನಾ ಏಳ್ಲಿಲ್ಲಂದ್ರ, ನನಗೂ ಹಿಂಗೇ ಮುತ್ಯಾನ ಬಾಜೂಕ ಕೂಡಸ್ತೀರೇನು?”