ಅಂಟು ಹಿಡಿಯದ ಗೆರೆ

ನವೆಂಬರಿನ ಆ ಶನಿವಾರ, ಪಕ್ಕದ ಮನೆಯ ಲೊರೇನಳ ಗ್ಯಾರೇಜಿನಲ್ಲಿ, ನಾನು ಒಂದೇ ಮರದ ಪೆನ್ನಿಗೆ ಹೊಳಪು ಬರಲೆಂದು ಮತ್ತೆ ಮತ್ತೆ ಅಂಟು ಹಚ್ಚುತ್ತಿದ್ದೆ.

ಅದರ ಮರ ನಮ್ಮಮ್ಮನ ಲಟ್ಟಣಿಗೆಯ ಹಿಡಿಯದು. ಕಳೆದ ಕ್ರಿಸ್‌ಮಸ್ಸಿಗೆ ಲೆಫ್ಸೆ ರೊಟ್ಟಿ ಮಾಡಲು ಬೆಣ್ಣೆ ಕಲಸಿದ ಆಲೂಗಡ್ಡೆ ಹಿಟ್ಟು ಲಟ್ಟಿಸುವಾಗ ತಂಗಿ ಸೋಲ್ವೈಗ್‌ಳ ಕೈಯಲ್ಲಿ ಆ ಹಿಡಿ ಉದ್ದಕ್ಕೆ ಸೀಳಿತು. ಅಮ್ಮ ಏನೂ ಅನ್ನಲಿಲ್ಲ. ಮಾರ್ಚಿನಲ್ಲಿ ತೀರಿಕೊಂಡಳು. ಅಜ್ಜಿಯ ಕಾಲದ್ದನ್ನು ಮುರಿದೆನೆಂಬ ಕೊರಗು ಸೋಲ್ವೈಗ್‌ಳಿಗೆ ಹತ್ತಿಬಿಟ್ಟಿತು. ಲೆಫ್ಸೆಯ ಮಾತೆತ್ತಿದರೆ ಸಾಕು, ಫೋನ್ ಇಟ್ಟುಬಿಡುತ್ತಿದ್ದಳು. ಅದಕ್ಕೇ ನಾನು ಆ ಸೀಳುಗಳನ್ನು ಜೋಡಿಸಿ, ನಡುವೆ ಹಿತ್ತಾಳೆಯ ಕೊಳವೆ ಕೂರಿಸಿ, ಲೇತ್ ಯಂತ್ರದಲ್ಲಿ ತಿರುಗಿಸಿ ಕೆತ್ತಿ ಪೆನ್ನಿನ ಗಾತ್ರಕ್ಕೆ ಇಳಿಸಿದ್ದೆ. ಸೀಳಿನ ಒಳಮೈ ಕಂದಾಗಿತ್ತು. ಹಳೆಯ ಮರವಲ್ಲವೇ ಅಂದುಕೊಂಡಿದ್ದೆ. ಮುರಿದದ್ದನ್ನು ಕೂಡಿಸಿ ಅವಳ ಕೈಗಿಟ್ಟರೆ ಕೊರಗು ಇಳಿದೀತೆಂಬ ಆಸೆ ನನ್ನದು.

ತಿರುಗುವ ಮರಕ್ಕೆ ಕಾಗದದ ತುಂಡಿನಿಂದ ಅಂಟಿನ ಹನಿ ಸವರಬೇಕು. ಒಣಗಿದ ಮೇಲೆ ಇನ್ನೊಂದು. ಪದರದ ಮೇಲೆ ಪದರ ಕೂತರೆ ಮರ ಗಾಜಿನೊಳಗೆ ಮಲಗಿದಂತೆ ಹೊಳೆಯುತ್ತದೆ. ನನ್ನದೂ ಹೊಳೆಯಿತು, ಜೋಡಣೆಯ ಗೆರೆಯೊಂದನ್ನು ಬಿಟ್ಟು. ಅಲ್ಲಿ ಮಾತ್ರ ಬೆಳ್ಳಗೆ ಮಂಕಾಗಿ ಸಿಪ್ಪೆ ಏಳುತ್ತಿತ್ತು. ಉಜ್ಜಿ ತೆಗೆದು ಹಚ್ಚಿದರೂ ಅದೇ. ಇನ್ನು ಉಜ್ಜಿದರೆ ಹಿತ್ತಾಳೆ ಇಣುಕುವಷ್ಟು ಮರ ತೆಳ್ಳಗಾಗಿತ್ತು.

"ಚಳಿಗಿರಬೇಕು," ಅಂದೆ.

"ಚಳಿಯಾಗಿದ್ರೆ ಇಡೀ ಮೈ ಬಿಳಿಚಿಕೊಳ್ತಿತ್ತು ಕಣೇ. ಗೆರೆ ಒಂದೇ ಯಾಕೆ?" ಲೊರೇನ್ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಜಿಡ್ಡಿದ್ದಲ್ಲಿ ಈ ಅಂಟು ಕೂರಲ್ಲ. ಅಸಿಟೋನ್ ಹಾಕಿ ಒರೆಸು, ಜಿಡ್ಡಿದ್ರೆ ಕರಗಿ ಬರುತ್ತೆ, ನೋಡೋಣ."

ಒರೆಸಿದೆ. ಬಿಳಿ ಕಾಗದದ ಮೇಲೆ ಹಳದಿ ಎಳೆ. ಬೇರೆ ಕಾಗದ ತೆಗೆದುಕೊಂಡೆ. ಮತ್ತೆ ಹಳದಿ.

"ಬೆಣ್ಣೆ," ಅಂದಳು. "ನಿಮ್ಮಮ್ಮನ ಕೈದು."

"ಮೇಲಿನದೆಲ್ಲ ಕೆತ್ತಿ ಹಾಕಿದ್ದೀನಲ್ಲೇ. ಇಷ್ಟು ಒಳಗೆ ಹೇಗೆ ಇಳೀತು?"

"ಬಿರುಕಿದ್ರೆ ಇಳಿಯುತ್ತಪ್ಪ."

"ಬಿರುಕು ಬಿಟ್ಟಿದ್ದು ಹೋದ ಕ್ರಿಸ್‌ಮಸ್‌ಗೆ. ಆಮೇಲೆ ಅದನ್ನ ಯಾರೂ ಮುಟ್ಟೇ ಇಲ್ಲ."

ಹೇಳುತ್ತಿದ್ದಂತೆಯೇ ನನ್ನ ಕೈ ನಿಂತಿತು. ಅಮ್ಮ ಎಷ್ಟೋ ವರ್ಷಗಳಿಂದ ಆ ಹಿಡಿಗೆ ಬಟ್ಟೆ ಬಿಗಿದು ಸುತ್ತುತ್ತಿದ್ದಳು. ಕೇಳಿದರೆ ಅಂಗೈ ಉರಿಯುತ್ತದೆ ಎನ್ನುತ್ತಿದ್ದಳು. ನಾವು ಅವಳ ಅಂಗೈಗೆ ಮುಲಾಮು ತಂದುಕೊಟ್ಟೆವೇ ಹೊರತು ಬಟ್ಟೆ ಬಿಚ್ಚಿ ನೋಡಲಿಲ್ಲ.

ಸೋಲ್ವೈಗ್‌ಳಿಗೆ ಫೋನ್ ಮಾಡಿದೆ. ಕೋಟು ಕೂಡ ಬಿಚ್ಚದೆ ಬಂದು ನಿಂತವಳು ಮುದುರಿದ ಹಳದಿ ಕಾಗದದ ರಾಶಿ ನೋಡಿ ಮುಖ ಸಿಂಡರಿಸಿದಳು. "ಇದೇನ್ರೇ, ಇಬ್ಬರಿಗೂ ನೆಗಡಿನಾ?"

ವಿಷಯ ಹೇಳಿದೆ. ನಂಬದೆ ತಾನೇ ಒರೆಸಿದಳು. ಅವಳ ಕಾಗದವೂ ಹಳದಿಯಾಯಿತು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಹಾಗಾದ್ರೆ ಮುಂಚೇನೇ ಸೀಳಿತ್ತು. ಅಮ್ಮನಿಗೆ ಗೊತ್ತಿತ್ತು."

"ಗೊತ್ತಿರಲೇಬೇಕು."

"ಗೊತ್ತಿದ್ದೂ ಸುಮ್ನೆ ಕೂತಿದ್ಲಾ? ಸಿಂಕ್ ಹತ್ರ ನಿಂತು ನಾನು ಅತ್ತಿದ್ದು ನೋಡಿದ್ಲು ಕಣೇ ಮಾರಿತ್!"

ಅವಳ ಮುಖ ಹಗುರಾಗುತ್ತದೆ ಎಂದುಕೊಂಡಿದ್ದೆ. ಬಂದದ್ದು ಸಿಟ್ಟು. ನನಗೂ ಅಮ್ಮನ ಮೇಲೆ ಸಿಟ್ಟು ಬರಬೇಕಿತ್ತೇನೋ. ಆದರೆ ಬಿರುಕನ್ನು ಬಟ್ಟೆಯಡಿ ಮುಚ್ಚಿಕೊಂಡು ಪ್ರತಿ ವರ್ಷ ಹೆದರುತ್ತಲೇ ಲಟ್ಟಿಸಿದ ಹೆಂಗಸೊಬ್ಬಳು ಕಣ್ಣಿಗೆ ಕಟ್ಟಿದಳು. ಅಮ್ಮ ಯಾವತ್ತೂ ತಾನು ಏನಾದರೂ ಒಡೆದೆನೆಂದು ಒಪ್ಪಿದವಳಲ್ಲ. ತಟ್ಟೆ ಬಿದ್ದರೂ ಬೆಕ್ಕಿನ ಹೆಸರು ಹೇಳುತ್ತಿದ್ದಳು.

"ಬೆಕ್ಕು ಸತ್ತುಹೋಗಿತ್ತಲ್ಲ," ಅಂದೆ. "ಆ ಸಲ ನೀನು ಸಿಕ್ಕಿದೆ."

ಸೋಲ್ವೈಗ್‌ಳಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು.

ಲೊರೇನ್ ಅಂಟಿನ ಬಾಟಲಿ ಎತ್ತಿದಳು. "ಇನ್ನೊಂಚೂರು ಒರೆಸಿದ್ರೆ ಜಿಡ್ಡು ಹೋಗುತ್ತೆ, ಅಂಟು ಕೂರುತ್ತೆ. ಮುಗಿಸಿಬಿಡೋಣ್ವಾ?"

"ಬೇಡ ಬೇಡ. ಆ ಗೆರೆ ನನಗೆ ಕಾಣ್ತಿರಲಿ. ಹೀಗೇ ಕೊಡಿ," ಎಂದು ಸೋಲ್ವೈಗ್ ಅದನ್ನು ಲೇತಿನಿಂದ ಬಿಡಿಸಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ನಾಳೆ ಆಲೂಗಡ್ಡೆ ಬೇಯಿಸಿಡು. ಲಟ್ಟಿಸೋದು ನಾನೇ. ಆದ್ರೆ ನಿನ್ನ ಲಟ್ಟಣಿಗೇಲಿ ಬಿರುಕಿದ್ರೆ ಈಗಲೇ ಬೊಗಳು ಮಾರಾಯ್ತಿ."